ಎಡಕ್ಕೆ ವಾಲಿದ ಜೀಪು, ಬಲಕ್ಕೆ ಎಳೆದ ಸ್ಟೀರಿಂಗು

ಕಳೆದ ವರ್ಷ ಮಳೆಗಾಲ ಮುಗಿದು ನವರಾತ್ರಿ ಬರುವ ಹೊತ್ತಿಗೆ ನಮ್ಮ ಜೀಪಿಗೆ ಮೂರು ಕಾಯಿಲೆಗಳು ಒಟ್ಟಿಗೇ ಅಂಟಿಕೊಂಡಿದ್ದವು. ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಎಡಗಡೆಯಿಂದ ‘ಟಕ್’ ಎಂಬ ಸದ್ದು. ಅಂಗಳದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿದರೆ ಒಂದು ಭುಜ ಇಳಿಬಿಟ್ಟವರಂತೆ ಎಡಕ್ಕೆ ವಾಲಿದ ನಿಲುವು. ಮೂರನೆಯದು ವಿಚಿತ್ರ. ವಾಲಿದ್ದು ಎಡಕ್ಕಾದರೂ ಗಾಡಿ ಎಳೆಯುತ್ತಿದ್ದುದು ಬಲಕ್ಕೆ! ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ತುಸು ಎಡಕ್ಕೆ ಹಿಡಿದುಕೊಂಡೇ ಇರಬೇಕು.

ಜೀಪು ಎಂದೆನಾದರೂ ಇದು ಟಾರ್ಪಾಲು ಹೊದಿಸಿದ ಹಳೆಯ ಕಾಲದ ಜೀಪಲ್ಲ. ಈಗಿನ ಹುಡುಗರು ಎಸ್‌ಯುವಿ ಎನ್ನುವ ಜಾತಿಯದು, 2003ರ ಮಾದರಿ. ನಮ್ಮ ಮಲೆನಾಡಿನಲ್ಲಿ ನೆಲದಿಂದ ಎತ್ತರವಾಗಿ ನಿಂತ ನಾಲ್ಕು ಚಕ್ರದ ಗಾಡಿಗಳೆಲ್ಲ ಜೀಪುಗಳೇ. ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಪಟ್ಟಿಯ ಮೇಲೆ ಪಟ್ಟಿ ಜೋಡಿಸಿದ ಬ್ಲೇಡ್ ಸ್ಪ್ರಿಂಗು. 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಿಕೊಂಡು ಓಡಿಸುತ್ತಿದ್ದೇನೆ. ಮಾರಿಬಿಡಿ ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಿಂದ ಹದಿನೈದು ದಿನಕ್ಕೊಮ್ಮೆ, 82 ವರ್ಷದ ನನ್ನ ತಾಯಿಯನ್ನು ಆಗುಂಬೆ ಘಾಟಿ ಇಳಿಸಿ ಆಸ್ಪತ್ರೆಗೆ ಕರೆದೊಯ್ಯುವುದು ಇದೇ ಗಾಡಿಯಲ್ಲಿ. 14 ಹೇರ್‌ಪಿನ್ ತಿರುವುಗಳ ಆ ಘಾಟಿಯಲ್ಲಿ ಒಂದೊಂದು ತಿರುವಿನಲ್ಲೂ ‘ಟಕ್’ ಎಂದರೆ ಓಡಿಸುವವನ ಎದೆಯೂ ‘ಟಕ್’ ಎನ್ನುತ್ತದೆ.

ಪಟ್ಟಣದ ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ. ಅಲ್ಲಿನ ಯುವಕ ಮುಂದಿನ ಬಾನೆಟ್ಟನ್ನು ಎರಡು ಸಲ ಒತ್ತಿ ನೋಡಿ, ‘ನಾಲ್ಕೂ ಶಾಕ್ ಅಬ್ಸಾರ್ಬರ್ ಹೋಗಿವೆ ಸಾರ್’ ಎಂದು ತೀರ್ಪು ಕೊಟ್ಟ. ನಾಲ್ಕನ್ನೂ ಬದಲಿಸಿದರು. ಬಿಲ್ಲು ನನ್ನ ಲೆಕ್ಕಾಚಾರವನ್ನು ಮೀರಿತು. ಊರಿಗೆ ಮರಳುವಾಗ ಮೊದಲನೆಯ ಗುಂಡಿಯಲ್ಲೇ ಹಳೆಯ ಸದ್ದು ‘ನಾನಿಲ್ಲೇ ಇದ್ದೇನೆ’ ಎಂದಿತು. ವಾಲುವುದೂ ಹಾಗೇ, ಎಳೆಯುವುದೂ ಹಾಗೇ.

ತಪ್ಪು ಆ ಯುವಕನದು ಮಾತ್ರವಲ್ಲ. ಮೂವತ್ತು ವರ್ಷಗಳಿಂದ ಮಕ್ಕಳಿಗೆ ‘ಮೊದಲು ವೀಕ್ಷಣೆ, ಆಮೇಲೆ ಊಹೆ, ಆಮೇಲೆ ಪರೀಕ್ಷೆ, ಕೊನೆಗೆ ತೀರ್ಮಾನ’ ಎಂದು ಪಾಠ ಹೇಳುತ್ತ ಬಂದ ನಾನು, ನನ್ನದೇ ಗಾಡಿಯ ವಿಷಯದಲ್ಲಿ ಒಮ್ಮೆಯೂ ಬಗ್ಗಿ ಚಕ್ರದ ಒಳಗೆ ನೋಡಿರಲಿಲ್ಲ!

ಸ್ಪ್ರಿಂಗಿನ ಕೆಲಸವೇ ಬೇರೆ, ಶಾಕಿನ ಕೆಲಸವೇ ಬೇರೆ

ಮುಂದಿನ ಕಥೆಗೆ ಮೊದಲು ಸ್ವಲ್ಪ ಪಾಠ. ಮೇಷ್ಟ್ರ ಚಾಳಿ, ಓದುಗರು ಕ್ಷಮಿಸಬೇಕು.

ಎತ್ತಿನಗಾಡಿಯಲ್ಲಿ ಕುಳಿತವರಿಗೆ ಗೊತ್ತು, ಚಕ್ರಕ್ಕೆ ತಗುಲಿದ ಪ್ರತಿಯೊಂದು ಕಲ್ಲೂ ಬೆನ್ನುಮೂಳೆಗೆ ತಗುಲುತ್ತದೆ. ಜಟಕಾ ಗಾಡಿಯಲ್ಲಿ ಅಷ್ಟು ಕಷ್ಟವಿಲ್ಲ; ಅದರ ಅಚ್ಚಿಗೂ ಪೆಟ್ಟಿಗೆಗೂ ನಡುವೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿದೆ. ಚಕ್ರ ಮೇಲೆದ್ದಾಗ ಆ ಶಕ್ತಿಯನ್ನು ಸ್ಪ್ರಿಂಗು ಬಾಗಿ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಅದಲು ಬದಲು ಮಾಡಿ ಒಗಟಿನ ರೂಪದಲ್ಲಿ ಪ್ರಕಟಿಸಿ, 1678ರಲ್ಲಿ ಅದನ್ನು ತಾನೇ ಬಿಡಿಸಿ ಹೇಳಿದ. ಭಾರ ಇಮ್ಮಡಿಯಾದರೆ ಬಾಗುವುದೂ ಇಮ್ಮಡಿ. ಅಂಗಡಿಯ ಸ್ಪ್ರಿಂಗ್ ತಕ್ಕಡಿ ನಡೆಯುವುದು ಇದರ ಮೇಲೆಯೇ.

ಆದರೆ ಸ್ಪ್ರಿಂಗು ಹಿಡಿದದ್ದನ್ನು ಮರಳಿ ಕೊಡುತ್ತದೆ. ಅದೊಂದೇ ಇದ್ದರೆ ಒಂದು ಹಂಪ್ ಹತ್ತಿಳಿದ ಗಾಡಿ ಫರ್ಲಾಂಗು ದೂರದವರೆಗೂ ತೊಟ್ಟಿಲಿನಂತೆ ತೂಗುತ್ತಲೇ ಹೋದೀತು. ಆ ತೂಗಾಟವನ್ನು ಅಡಗಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗೆ ಎಣ್ಣೆ ಇರುತ್ತದೆ. ಪಿಸ್ಟನ್ನು ಮೇಲೆ ಕೆಳಗೆ ಆಡುವಾಗ ಎಣ್ಣೆ ಸಣ್ಣ ರಂಧ್ರಗಳಲ್ಲಿ ತಿಣುಕಿ ಹಾಯಬೇಕು. ಚಲನೆಯ ಶಕ್ತಿ ಹೀಗೆ ಶಾಖವಾಗಿ ಗಾಳಿಗೆ ಹೋಗುತ್ತದೆ.

ಇಷ್ಟು ಅರ್ಥವಾದರೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗು, ಶಾಕ್ ಅಲ್ಲ. ಹಾಗಾಗಿ ಒಂದು ಕಡೆ ವಾಲಿದ ನನ್ನ ಜೀಪಿಗೆ ಶಾಕ್ ಬದಲಿಸಿದ್ದು ಹಲ್ಲು ನೋವಿಗೆ ಕನ್ನಡಕ ಬದಲಿಸಿದ ಹಾಗಾಯಿತು.

ಉಸ್ತಾದರ ಪ್ರಶ್ನೆಗಳು

ನಮ್ಮೂರಿನಿಂದ ಆರು ಮೈಲಿ ದೂರದ ಕ್ರಾಸಿನಲ್ಲಿ ತಗಡಿನ ಚಪ್ಪರದ ಒಂದು ಗ್ಯಾರೇಜಿದೆ. ಅದರ ಯಜಮಾನರಿಗೆ ಅರವತ್ತು ದಾಟಿದೆ. ಸುತ್ತಲಿನವರೆಲ್ಲ ಅವರನ್ನು ‘ಉಸ್ತಾದ್’ ಎಂದೇ ಕರೆಯುವುದು. ದೀಪಾವಳಿಗೆ ಮುಂಚೆ ಒಂದು ಭಾನುವಾರ ಅಲ್ಲಿಗೆ ಹೋದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಬೀಡಿ ಆರಿಸಿ ಕೇಳತೊಡಗಿದರು.

‘ಸದ್ದು ಗುಂಡಿಗೆ ಇಳಿಯುವಾಗಲೋ, ಹತ್ತುವಾಗಲೋ ಮೇಷ್ಟ್ರೇ?’

‘ಇಳಿಯುವಾಗ ಉಸ್ತಾದರೇ.’

‘ಬ್ರೇಕ್ ಹಾಕಿದರೆ?’

ನೆನಪು ಮಾಡಿಕೊಂಡೆ. ಹೌದು, ಬ್ರೇಕ್ ಒತ್ತಿದಾಗ ಇನ್ನೊಂದು ಸಣ್ಣ ‘ಕಟ್’ ಇರುತ್ತಿತ್ತು. ಅದನ್ನು ನಾನು ಬೇರೆ ಸದ್ದೆಂದು ಎಣಿಸಿರಲಿಲ್ಲ.

‘ಖಾಲಿ ಇದ್ದಾಗ ಜಾಸ್ತಿಯೋ, ಲೋಡ್ ಇದ್ದಾಗಲೋ? ಎರಡು ಚಕ್ರ ಒಟ್ಟಿಗೆ ಹಂಪ್ ಹತ್ತಿದರೂ ಬರುತ್ತೋ, ಒಂದೇ ಚಕ್ರ ಇಳಿದಾಗ ಮಾತ್ರವೋ?’

ಡಾಕ್ಟರು ರೋಗಿಯನ್ನು ಕೇಳುವಂತೆ ಒಂದೊಂದಾಗಿ ಕೇಳಿದರು. ಅರ್ಧಕ್ಕೆ ನನ್ನಲ್ಲಿ ಉತ್ತರವೇ ಇರಲಿಲ್ಲ. ‘ಒಂದು ರೌಂಡ್ ಹೋಗಿ ಕೇಳಿಸಿಕೊಂಡು ಬನ್ನಿ’ ಎಂದು ಕಳಿಸಿಬಿಟ್ಟರು! ಹೋಗಿ ಬಂದೆ. ದೊಡ್ಡ ‘ಟಕ್’ ಬರುವುದು ಒಂದೇ ಚಕ್ರ ಗುಂಡಿಗೆ ಇಳಿದಾಗ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಅದು ಅಷ್ಟಾಗಿ ಇಲ್ಲ. ಇದರಲ್ಲಿ ದೊಡ್ಡ ಸುಳಿವಿತ್ತು, ಅದು ನನಗೆ ಆಮೇಲೆ ತಿಳಿಯಿತು.

ಅಳತೆ ಪಟ್ಟಿಯ ಸಾಕ್ಷಿ

ನಾಲ್ಕೂ ಟೈರುಗಳ ಗಾಳಿ ಸರಿಮಾಡಿ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿದರು. ಗಾಳಿ ಹೆಚ್ಚು ಕಡಿಮೆ ಇದ್ದರೂ ಗಾಡಿ ವಾಲಿದಂತೆ ಕಾಣುವುದುಂಟು. ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು ಅಳೆದೆವು. ಹಿಂದೆ ಎಡಗಡೆ ಬಲಕ್ಕಿಂತ 35 ಮಿಲಿಮೀಟರ್ ಕಡಿಮೆ, ಮುಂದೆ ಎಡಗಡೆ 8 ಮಿಲಿಮೀಟರ್ ಕಡಿಮೆ.

‘ಹಾಗಾದರೆ ಮುಂದಿನ ಸ್ಪ್ರಿಂಗೂ ಕೂತಿದೆಯಲ್ಲವೇ?’ ಎಂದೆ. ಉಸ್ತಾದರು ಉತ್ತರ ಕೊಡದೆ, ಹಿಂದೆ ಚಾಸಿಯ ಅಡ್ಡಪಟ್ಟಿಯ ನಟ್ಟನಡುವೆ ಜ್ಯಾಕ್ ಇಟ್ಟು ಸ್ವಲ್ಪವೇ ಎತ್ತಿದರು. ಈಗ ಹಿಂದಿನ ಸ್ಪ್ರಿಂಗುಗಳ ಮೇಲೆ ಭಾರವಿಲ್ಲ. ಗಾಡಿ ಮುಂದಿನ ಎರಡು ಸ್ಪ್ರಿಂಗು, ಹಿಂದೆ ಒಂದು ಬಿಂದು, ಹೀಗೆ ಮೂರು ಕಾಲಿನ ಮಣೆಯಾಯಿತು. ಮತ್ತೆ ಮುಂದೆ ಅಳೆದರೆ ಎಡ ಬಲ ಒಂದೇ! ಮುಂದಿನ ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ. ಹಿಂದಿನ ವಾಲುವಿಕೆಯೇ ಮುಂದಕ್ಕೂ ಹರಡಿತ್ತು. ಎರಡು ನಿಮಿಷದ ಈ ಪರೀಕ್ಷೆ ಎರಡು ಸುರುಳಿ ಸ್ಪ್ರಿಂಗುಗಳ ಖರ್ಚು ಉಳಿಸಿತು.

ಆಮೇಲೆ ಮುಂದಿನ ಚಕ್ರಗಳನ್ನು ನೇರ ಮಾಡಿ, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಕಡೆ ಅಳೆದರು. ಎಡಗಡೆ 12 ಮಿಲಿಮೀಟರ್ ಉದ್ದ. ಅಂದರೆ ಹಿಂದಿನ ಆಕ್ಸಲ್ಲಿನ ಎಡತುದಿ ಹಿಂದಕ್ಕೆ ಸರಿದಿತ್ತು. ಬಲಕ್ಕೆ ಎಳೆಯುವ ಒಗಟು ಅಲ್ಲಿಗೆ ಬಿಡಿಸಿಕೊಂಡಿತು. ಓರೆಯಾದ ಆಕ್ಸಲ್ಲು ಗಾಡಿಯ ಹಿಂಭಾಗವನ್ನು ಸದಾ ಎಡಕ್ಕೆ ತಳ್ಳುತ್ತದೆ. ತುಂಗೆಯಲ್ಲಿ ದೋಣಿಯ ಹಿಂತುದಿಯನ್ನು ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ತಿರುಗುವುದಿಲ್ಲವೇ? ಇದೂ ಹಾಗೆಯೇ.

ಆಕ್ಸಲ್ಲು ಏಕೆ ಸರಿಯಿತು? ಟಾರ್ಚು ಹಿಡಿದು ಕೆಳಗೆ ನೋಡಿದೆವು. ಬ್ಲೇಡುಗಳ ಕಟ್ಟನ್ನು ಆಕ್ಸಲ್ಲಿಗೆ ಬಿಗಿಯುವುದು ಯು ಬೋಲ್ಟುಗಳು. ಬ್ಲೇಡುಗಳ ನಟ್ಟನಡುವೆ ತೂತು ಕೊರೆದು ಹಾಯಿಸಿದ ಸೆಂಟರ್ ಬೋಲ್ಟು ಅವೆಲ್ಲವನ್ನೂ ಒಂದು ಜಾಗದಲ್ಲಿ ನಿಲ್ಲಿಸುತ್ತದೆ. ನಮ್ಮಲ್ಲಿ ಯು ಬೋಲ್ಟಿನ ನಟ್ಟುಗಳು ಸಡಿಲವಾಗಿದ್ದವು. ಅದರಿಂದ ಎಲ್ಲ ಎಳೆತವೂ ಬೆರಳು ಗಾತ್ರದ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗಿತ್ತು. ಎರಡನೆಯ ಬ್ಲೇಡು ಆ ತೂತಿನ ಬಳಿಯೇ ಸೀಳಿ, ಸೀಳಿನಲ್ಲಿ ತುಕ್ಕಿನ ಕೆಂಪು ಗೆರೆ ಕಾಣುತ್ತಿತ್ತು. ಬ್ಲೇಡು ಸಾಮಾನ್ಯವಾಗಿ ತುಂಡಾಗುವುದು ಅಲ್ಲೇ. ಬಾಗುವ ಒತ್ತಡ ಅತಿ ಹೆಚ್ಚಿರುವುದು ನಡುವಿನಲ್ಲಿ, ತೂತು ಕೊರೆದು ಉಕ್ಕನ್ನು ದುರ್ಬಲ ಮಾಡಿರುವುದೂ ಅಲ್ಲಿಯೇ.

ಒಂದು ಸಲಕ್ಕೆ ಒಂದೇ ಬದಲಾವಣೆ

ಇನ್ನು ಮುಂದಿನ ಸದ್ದು. ಎಡ ಮತ್ತು ಬಲ ಚಕ್ರಗಳ ತೋಳುಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ಎಂಬ ಬಾಗಿದ ಸರಳೊಂದು ಮುಂದೆ ಇರುತ್ತದೆ. ತಿರುವಿನಲ್ಲಿ ಗಾಡಿ ಹೊರಳದಂತೆ ಹಿಡಿಯುವುದು ಅದರ ಕೆಲಸ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಅದಕ್ಕೆ ಕೆಲಸವಿಲ್ಲ, ಒಂದೇ ಎದ್ದರೆ ಅದು ತಿರುಚಿಕೊಳ್ಳುತ್ತದೆ. ನನ್ನ ದೊಡ್ಡ ‘ಟಕ್’ ಒಂದೇ ಚಕ್ರಕ್ಕೆ ಬರುವುದೆಂದು ಮೊದಲೇ ಗೊತ್ತಾಗಿತ್ತಲ್ಲ! ಉಸ್ತಾದರು ಅದರ ಲಿಂಕುಗಳನ್ನು ಬಿಚ್ಚಿಟ್ಟು, ‘ನಿಧಾನಕ್ಕೆ ನೂರು ಮಾರು ಹೋಗಿ ಬನ್ನಿ’ ಎಂದರು. ದೊಡ್ಡ ‘ಟಕ್’ ಮಾಯವಾಗಿತ್ತು. ಲಿಂಕಿನ ರಬ್ಬರ್ ಬುಶ್ಶು ಸವೆದು ತೂತು ಮೊಟ್ಟೆಯಾಕಾರವಾಗಿತ್ತು. ಬೇರೆ ಏನನ್ನೂ ಮುಟ್ಟದೆ ಒಂದನ್ನು ಮಾತ್ರ ಬದಲಿಸಿ ಫಲ ನೋಡುವ ಈ ಕ್ರಮವನ್ನೇ ನಾವು ಪ್ರಯೋಗಶಾಲೆಯಲ್ಲಿ ಹೇಳಿಕೊಡುವುದು. ನಾಲ್ಕು ಭಾಗ ಒಟ್ಟಿಗೆ ಬದಲಿಸಿದರೆ ಸದ್ದು ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ.

ಆದರೆ ಬ್ರೇಕಿನ ಸಣ್ಣ ‘ಕಟ್’ ಉಳಿದಿತ್ತು. ಈಗ ಉಸ್ತಾದರ ಮುಖ ಗಂಭೀರವಾಯಿತು. ಎಡಗಡೆಯ ಕೆಳತೋಳಿನ ಅಡಿಗೆ ಜ್ಯಾಕ್ ಇಟ್ಟು ಚಕ್ರವನ್ನು ನೆಲದಿಂದ ಎರಡು ಬೆರಳು ಎತ್ತಿದರು. ಚಾಸಿಯ ಅಡಿಗೆ ಸ್ಟ್ಯಾಂಡ್, ಉಳಿದ ಚಕ್ರಗಳಿಗೆ ಮರದ ಬೆಣೆ. ನಮ್ಮಂಥ ಗಾಡಿಯಲ್ಲಿ ಸುರುಳಿ ಸ್ಪ್ರಿಂಗು ಕುಳಿತಿರುವುದು ಕೆಳತೋಳಿನ ಮೇಲೆ. ಜ್ಯಾಕನ್ನು ಚಾಸಿಗೆ ಮಾತ್ರ ಕೊಟ್ಟರೆ ಸ್ಪ್ರಿಂಗು ತೋಳನ್ನು ಕೆಳಗೆ ಒತ್ತಿಹಿಡಿದು ಬಾಲ್ ಜಾಯಿಂಟಿನ ಸವೆತವನ್ನು ಮುಚ್ಚಿಡುತ್ತದೆ. ತೋಳಿಗೇ ಜ್ಯಾಕ್ ಕೊಟ್ಟಾಗ ಗುಟ್ಟು ಹೊರಬೀಳುತ್ತದೆ.

ಚಕ್ರವನ್ನು ಗಡಿಯಾರವೆಂದುಕೊಳ್ಳಿ. 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿದರು. ಆಟವಿತ್ತು. ‘ಬ್ರೇಕ್ ಒತ್ತಿ ಮೇಷ್ಟ್ರೇ’ ಎಂದರು. ಒತ್ತಿದೆ. ಆಗ ಅಲ್ಲಾಟ ನಿಂತಿದ್ದರೆ ದೋಷ ಚಕ್ರದ ಬೇರಿಂಗಿನಲ್ಲಿ, ನಿಲ್ಲಲಿಲ್ಲ. 3 ಮತ್ತು 9ರಲ್ಲಿ ಹಿಡಿದು ಅಲ್ಲಾಡಿಸಿದರೆ ಆಟವಿಲ್ಲ, ಅಂದರೆ ಸ್ಟೀರಿಂಗಿನ ಟೈ ರಾಡ್ ತುದಿಗಳು ಸರಿಯಾಗಿವೆ. ಕೊನೆಗೆ ಟೈರಿನ ಅಡಿಗೆ ಕಬ್ಬಿಣದ ಸನಿಕೆ ಕೊಟ್ಟು ಮೀಟಿದಾಗ ಕೆಳಗಿನ ಬಾಲ್ ಜಾಯಿಂಟು ಕಣ್ಣಿಗೆ ಕಾಣುವಷ್ಟು ಮೇಲೆ ಕೆಳಗೆ ಆಡಿತು. ಅದರ ರಬ್ಬರ್ ಟೋಪಿ ಹರಿದು, ಒಳಗೆ ಗ್ರೀಸಿನ ಬದಲು ಮಳೆಗಾಲದ ಕೆಸರು ತುಂಬಿತ್ತು.

‘ಇದನ್ನು ಇಟ್ಟುಕೊಂಡು ಅಮ್ಮನನ್ನು ಘಾಟಿ ಇಳಿಸ್ತಿದ್ರಾ?’ ಎಂದರು ಉಸ್ತಾದರು. ನನಗೆ ಮಾತು ಹೊರಡಲಿಲ್ಲ. ಶಾಕ್ ಹೋದರೆ ಗಾಡಿ ಕುಣಿಯುತ್ತದೆ. ಬುಶ್ ಹೋದರೆ ಸದ್ದು ಮಾಡುತ್ತದೆ. ಕೆಳಗಿನ ಬಾಲ್ ಜಾಯಿಂಟು ಕಳಚಿದರೆ ಚಕ್ರವೇ ಮಡಚಿಕೊಂಡು ಗಾಡಿ ಮುಗ್ಗರಿಸುತ್ತದೆ. ಅದು ಕಳಚುವುದಕ್ಕೆ ಬ್ರೇಕು ಮತ್ತು ತಿರುವು ಎರಡೂ ಕೂಡುವ ಘಾಟಿಗಿಂತ ಅಪಾಯದ ಜಾಗ ಬೇರೆ ಯಾವುದಿದೆ? ದೊಡ್ಡ ಸದ್ದಿನ ಹಿಂದೆ ಅಡಗಿದ್ದ ಸಣ್ಣ ಸದ್ದೇ ನಿಜವಾದ ಶತ್ರುವಾಗಿತ್ತು.

ದುರಸ್ತಿಯ ಸೂಕ್ಷ್ಮಗಳು

ಆ ಸಂಜೆ ಗಾಡಿ ಅಲ್ಲೇ ಉಳಿಯಿತು, ನಾನು ಬಸ್ಸಿನಲ್ಲಿ ಮನೆಗೆ ಬಂದೆ. ದುರಸ್ತಿಗೆ ಎರಡು ದಿನ ಹಿಡಿಯಿತು. ಶಾಲೆ ಬಿಟ್ಟ ಮೇಲೆ ಹೋಗಿ ನೋಡುತ್ತ ನಿಂತು ಕಲಿತ ಕೆಲವು ಮಾತುಗಳು ಇತರರಿಗೂ ಉಪಯೋಗವಾದೀತು.

ತುಂಡಾದ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಲೇಬಾರದು. ಸ್ಪ್ರಿಂಗಿನ ಉಕ್ಕಿಗೆ ಆ ಗುಣ ಬರುವುದು ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸುವುದರಿಂದ. ವೆಲ್ಡಿಂಗಿನ ಶಾಖಕ್ಕೆ ಆ ಹದ ಕೆಟ್ಟು ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಕೂತುಹೋದ ಬ್ಲೇಡನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ ಬಾಗಿಸುವುದೂ ಇದೇ ಕಾರಣಕ್ಕೆ ತಪ್ಪು.

ಹೊಸ ಬ್ಲೇಡು ಹಳೆಯದರಷ್ಟೇ ದಪ್ಪವಿರಬೇಕು. ಬ್ಲೇಡಿನ ಗಡಸುತನ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 7 ಮಿಲಿಮೀಟರಿನ ಜಾಗಕ್ಕೆ 8 ಮಿಲಿಮೀಟರಿನದನ್ನು ಹಾಕಿದರೆ ‘ಒಂದೇ ಮಿಲಿಮೀಟರ್ ತಾನೇ’ ಎನಿಸಬಹುದು. ಆದರೆ ಆ ಬ್ಲೇಡು ಸುಮಾರು ಒಂದೂವರೆ ಪಟ್ಟು ಗಡಸಾಗುತ್ತದೆ. ಅಡಿಕೆ ಮೂಟೆ ಹೇರುವವರು ಒಂದು ಬ್ಲೇಡು ಹೆಚ್ಚಿಗೆ ಸೇರಿಸುವುದುಂಟು. ಖಾಲಿ ಗಾಡಿಯಲ್ಲಿ ಆಗ ಕೂತವರ ಸೊಂಟಕ್ಕೂ ಚಾಸಿಯ ಬ್ರಾಕೆಟ್ಟುಗಳಿಗೂ ಪೆಟ್ಟು ಬೀಳುತ್ತದೆ. ಇನ್ನೊಂದು ಕಡೆಯ ಸ್ಪ್ರಿಂಗನ್ನೂ ಬಿಚ್ಚಿ ನೋಡಿ, ಎರಡನ್ನೂ ಒಂದೇ ಎತ್ತರಕ್ಕೆ ತರಬೇಕು. ಯು ಬೋಲ್ಟುಗಳು ಬಿಗಿದಾಗ ಹಿಗ್ಗಿರುತ್ತವೆ, ಆದ್ದರಿಂದ ಹೊಸವನ್ನೇ ಹಾಕಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ನನ್ನ ಜೀಪಿಗೆ ಹಿಂದೊಮ್ಮೆ ಬ್ಲೇಡಿನ ಕೆಲಸವಾದಾಗ ಈ ಎರಡನೇ ಬಿಗಿತವನ್ನು ಯಾರೂ ಮಾಡಿರಲಿಲ್ಲ. ಎಲ್ಲಕ್ಕೂ ಮೂಲ ಅದೇ.

ರಬ್ಬರ್ ಬುಶ್ಶಿನ ಬೋಲ್ಟುಗಳನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿಯಬಾರದು. ಗಾಡಿ ಇಳಿಸಿ, ಅದರ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ನಿಂತಾಗಲೂ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ವಾಟರ್ ಸರ್ವೀಸ್ ಮಾಡಿಸಿದಾಗ ಕೆಳಗೆಲ್ಲ ಡೀಸೆಲ್ ಹೊಡೆಸುವ ರೂಢಿ ನಮ್ಮಲ್ಲಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಬಹುದು, ಆದರೆ ಡೀಸೆಲ್ ಹೀರಿದ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ನನ್ನ ಬುಶ್ಶುಗಳ ಅಕಾಲ ಮರಣಕ್ಕೆ ವರ್ಷಕ್ಕೆರಡು ಸಲದ ಆ ಅಭ್ಯಂಜನವೂ ಕಾರಣ.

ಕೊನೆಯದು ಎಚ್ಚರಿಕೆ. ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸುರುಳಿ ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚುವ ಸಾಹಸವಂತೂ ಬೇಡವೇ ಬೇಡ. 500 ಕಿಲೋ ಭಾರಕ್ಕೆ 10 ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿ, 25 ಕಿಲೋ ಅಕ್ಕಿ ಮೂಟೆ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಅದು ಮುಖದ ಮೇಲೆ ಬಿದ್ದರೆ?

ಎಲ್ಲ ಜೋಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಬಾಲ್ ಜಾಯಿಂಟು, ಬುಶ್ಶುಗಳು, ಬ್ಲೇಡು, ಬೋಲ್ಟು, ಕೂಲಿ ಎಲ್ಲ ಸೇರಿದರೂ ನಾಲ್ಕು ಶಾಕುಗಳಿಗೆ ಕೊಟ್ಟಷ್ಟು ಆಗಲಿಲ್ಲ.

ನೀವೇ ನೋಡಿಕೊಳ್ಳಬಹುದಾದದ್ದು

ಹಳೆಯ ಗಾಡಿ ಇಟ್ಟುಕೊಂಡವರು ಗ್ಯಾರೇಜಿಗೆ ಹೋಗುವ ಮೊದಲು ಅರ್ಧ ಗಂಟೆ ಕೊಟ್ಟರೆ ಸಾಕು. ಗಾಳಿ ಸರಿಮಾಡಿ ನಾಲ್ಕು ಮೂಲೆಗಳ ಎತ್ತರ ಅಳೆದು ಬರೆದಿಡಿ. ಟೈರುಗಳ ಮೇಲೆ ಕೈಯಾಡಿಸಿ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕಿನ ಮೇಲೆ ಸಂಶಯಪಡಬಹುದು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸವೆದ ಜಾಯಿಂಟು. ಕೆಟ್ಟ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಶಾಕುಗಳನ್ನು ಎಚ್ಚರದಿಂದ ಮುಟ್ಟಿ ನೋಡಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ತಣ್ಣಗಿರುವುದು ಸೋಮಾರಿ. ಎಣ್ಣೆ ಸುರಿಯುತ್ತಿದ್ದರೆ ಅದರ ಆಯುಷ್ಯ ಮುಗಿಯಿತು. ಸದ್ದು ಯಾವಾಗ, ಯಾವ ಕಡೆಯಿಂದ, ಯಾವ ವೇಗದಲ್ಲಿ ಬರುತ್ತದೆಂದು ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ಕಿಗೆ ಕೊಡಿ. ಒಳ್ಳೆಯ ಮೆಕ್ಯಾನಿಕ್ಕಿಗೆ ಅದು ಅರ್ಧ ಕೆಲಸ. ಅದನ್ನು ಓದದೆ ಪಕ್ಕಕ್ಕಿಡುವವರಾದರೆ ಬೇರೆ ಗ್ಯಾರೇಜು ಹುಡುಕುವುದು ಲೇಸು.

ವರ್ಕ್‌ಶಾಪಿನಲ್ಲಿ ತೆಗೆದುಹಾಕಿದ್ದ ನನ್ನ ಹಳೆಯ ನಾಲ್ಕು ಶಾಕುಗಳು ಅಟ್ಟದಲ್ಲಿದ್ದವು. ಒಂದೊಂದನ್ನೂ ನೆಟ್ಟಗೆ ನಿಲ್ಲಿಸಿ ಒತ್ತಿ ಎಳೆದು ನೋಡಿದೆ. ಮೂರು ಗಟ್ಟಿಯಾಗಿ, ಒಂದೇ ಸಮನೆ ತಡೆಯೊಡ್ಡಿದವು. ಒಂದು ಮಾತ್ರ ಸೈಕಲ್ ಪಂಪಿನಂತೆ ಸಲೀಸಾಗಿ ಆಡಿತು. ಈಗ ಒಳ್ಳೆಯದೊಂದು, ಕೆಟ್ಟದ್ದೊಂದು ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿವೆ. ಯಾವುದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮಕ್ಕಳೇ ಒತ್ತಿ ನೋಡಿ ಹೇಳಬೇಕು.

ದುರಸ್ತಿಯಾದ ಮರುವಾರ ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿದೆ. ಹದಿನಾಲ್ಕೂ ತಿರುವುಗಳಲ್ಲಿ ಕಿವಿ ನಿಮಿರಿಸಿಕೊಂಡೇ ಇದ್ದೆ. ಇಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸೋಮೇಶ್ವರ ತಲುಪಿದಾಗ ಅಮ್ಮ ಕಿಟಕಿಯಿಂದ ಹೊರಗೆ ನೋಡುತ್ತ ಕೇಳಿದಳು:

‘ಏನೋ, ರಸ್ತೆ ರಿಪೇರಿ ಮಾಡ್ಸಿದಾರೇನೋ?’